ಏಡ ಲವ್‌ಲೇಸ್ ದೊರೆಸಾನಿಯ ಜೀವನವೃತ್ತಾಂತ

ನಮ್ಮ ಪಾಠಶಾಲೆಯನ್ನು ಮುಗಿಸಿ ಹೋಗುವ ಬಾಲಕಿಯರಲ್ಲಿ ಗಣಿತದಲ್ಲಿ ಚುರುಕಾದವರು ಈಚಿನ ವರ್ಷಗಳಲ್ಲಿ ಒಂದು ಹೊಸ ಆಸೆಯನ್ನು ಹೇಳಿಕೊಳ್ಳುತ್ತಿದ್ದಾರೆ. ಗಣಕಯಂತ್ರಗಳ ಎಂಜಿನಿಯರಿಂಗನ್ನು ಮಾತ್ರ ಕಲಿತರೆ ಸಾಲದು, ಅದರ ಜೊತೆಯಲ್ಲಿಯೇ ಗಣಿತಶಾಸ್ತ್ರವನ್ನೂ ಓದಿ ಎರಡರಲ್ಲಿಯೂ ಪದವಿಯನ್ನು ಪಡೆಯಬೇಕೆಂಬುದೇ ಆ ಆಸೆ. ಹೊರದೇಶದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಏರ್ಪಾಡುಂಟು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಗಣಿತವನ್ನೂ ಗಣಕವಿದ್ಯೆಯನ್ನೂ ಒಂದುಗೂಡಿಸಿದ ಬಿ.ಟೆಕ್. ತರಗತಿಯು ೨೦೨೨ರಲ್ಲಿ ಆರಂಭವಾಯಿತು. ಆದರೆ ತಂದೆತಾಯಿಗಳ ಮನಸ್ಸು ಇದಕ್ಕೆ ಬೇಗನೆ ಒಪ್ಪುವುದಿಲ್ಲ. ಉದ್ಯೋಗವನ್ನು ಕೊಡತಕ್ಕ ವಿದ್ಯೆ ಎಂಜಿನಿಯರಿಂಗಾಗಿರುವಾಗ, ಗಣಿತವೆಂಬ ಮತ್ತೊಂದು ಹೊರೆಯನ್ನು ಹೆಣ್ಣುಮಗುವಿನ ತಲೆಯ ಮೇಲೆ ಏತಕ್ಕೆ ಹೊರಿಸಬೇಕು ಎಂದು ಅವರು ಕೇಳುತ್ತಾರೆ. ಈ ಸಂಶಯವು ಹೊಸತಲ್ಲ. ಅದಕ್ಕೆ ನೂರೆಂಬತ್ತು ವರ್ಷಗಳ ವಯಸ್ಸಾಗಿದೆ. ಗಣಿತವನ್ನೂ ಎಣಿಸುವ ಯಂತ್ರವನ್ನೂ ಒಂದೇ ಮನಸ್ಸಿನಲ್ಲಿ ಇರಿಸಿಕೊಂಡವರ ಪೈಕಿ ಮೊದಲಿಗರಲ್ಲಿ ಒಬ್ಬಳು ಹೆಂಗಸು. ಆಕೆಯ ಜೀವನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಲ್ಲಿ ಇರಿಸಿದ್ದೇನೆ.

ಇಂಗ್ಲೆಂಡು ದೇಶದ ರಾಜಧಾನಿಯಾದ ಲಂಡನ್ ನಗರದಲ್ಲಿ ೧೮೧೫ನೆಯ ಇಸವಿ ಡಿಸೆಂಬರ್ ೧೦ನೆಯ ದಿನ ಆಗಸ್ಟ ಏಡ ಬೈರನ್ ಎಂಬ ಹೆಣ್ಣು ಶಿಶುವು ಹುಟ್ಟಿತು. ತಂದೆಯು ಯೂರೋಪಿನಲ್ಲೆಲ್ಲಾ ಹೆಸರಾಂತ ಕವಿಯಾದ ಲಾರ್ಡ್ ಬೈರನ್ನನು. ತಾಯಿಯಾದ ಅನಬೆಲ್ಲ ಮಿಲ್ಬ್ಯಾಂಕಳು ಶ್ರೀಮಂತರ ಮನೆಯವಳು, ದೈವಭಕ್ತೆ, ರೇಖಾಗಣಿತದಲ್ಲಿ ಬಹಳ ಆಸಕ್ತಿಯುಳ್ಳವಳು. ಗಂಡನೇ ಆಕೆಗೆ ಸಮಾನಾಂತರ ಚತುರ್ಭುಜಗಳ ರಾಜಕುಮಾರಿಯೆಂದು ಪರಿಹಾಸ್ಯದ ಹೆಸರನ್ನಿಟ್ಟಿದ್ದನು. ಈ ದಾಂಪತ್ಯವು ಒಂದು ವರ್ಷದ ಮೇಲೆ ನಿಲ್ಲಲಿಲ್ಲ. ಸಾಲ, ಕೋಪ, ದುರ್ನಡತೆಗಳಿಂದ ಬೇಸತ್ತ ತಾಯಿಯು ೧೮೧೬ರ ಜನವರಿಯಲ್ಲಿ ಒಂದು ತಿಂಗಳ ಕೂಸನ್ನೆತ್ತಿಕೊಂಡು ತವರುಮನೆಗೆ ಹೊರಟುಹೋದಳು. ಬೈರನ್ನನು ಅದೇ ವರ್ಷದ ಏಪ್ರಿಲಿನಲ್ಲಿ ದೇಶವನ್ನೇ ಬಿಟ್ಟವನು ತಿರುಗಿ ಬರಲಿಲ್ಲ. ೧೮೨೪ರಲ್ಲಿ ಗ್ರೀಸ್ ದೇಶದ ಮಿಸಲಾಂಗಿಯಲ್ಲಿ ಜ್ವರದಿಂದ ತೀರಿಕೊಂಡನು. ಏಡಳಿಗೆ ಆಗ ಎಂಟು ವರ್ಷ. ತಂದೆಯ ಮುಖವನ್ನು ಆಕೆ ಅರಿಯಳು. ಮನೆಯಲ್ಲಿದ್ದ ಆತನ ಚಿತ್ರಪಟವನ್ನೂ ದೊಡ್ಡವಳಾಗುವ ತನಕ ಆಕೆಯ ಕಣ್ಣಿಗೆ ಬೀಳಗೊಡಲಿಲ್ಲ.

ತಾಯಿಗೆ ಒಂದೇ ಅಂಜಿಕೆ. ತಂದೆಯ ರಕ್ತದಲ್ಲಿದ್ದ ಕಲ್ಪನೆಯ ಹುಚ್ಚು ಮಗಳಿಗೂ ಹತ್ತಿದರೆ ಗತಿಯೇನು? ಅದಕ್ಕೆ ಆಕೆ ಕಂಡುಕೊಂಡ ಔಷಧವೇ ಗಣಿತ. ಕಾವ್ಯವನ್ನು ದೂರವಿಟ್ಟು, ಲೆಕ್ಕ, ಭಾಷೆಗಳು, ಸಂಗೀತ ಇವುಗಳನ್ನು ಗಂಟೆಗಂಟೆಗೆ ಹಂಚಿ ಮಗುವಿಗೆ ಕಲಿಸುವ ಏರ್ಪಾಡಾಯಿತು. ಪಾಠವೊಪ್ಪಿಸಿದರೆ ಚೀಟಿಗಳನ್ನು ಬಹುಮಾನವಾಗಿ ಕೊಡುವುದು, ತಪ್ಪಿದರೆ ಕಿತ್ತುಕೊಳ್ಳುವುದು. ಮನಸ್ಸನ್ನು ಹತೋಟಿಗೆ ತರುವುದಕ್ಕಾಗಿ ಅಲುಗಾಡದೆ ಮಲಗಿರಬೇಕೆಂದು ವಿಧಿಸುವುದು. ಐದು ವರ್ಷದ ಮಗುವಿಗೆ ಇಂಥ ಶಿಸ್ತು ತಕ್ಕದ್ದೆಂದು ನಾನು ಒಪ್ಪಲಾರೆನು. ಆದರೂ ತಾಯಿಯ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದದ್ದು ಇನ್ನೊಂದುಂಟು. ಈ ದೊರೆಸಾನಿಯು ಮುಂದೆ ೧೮೩೪ರಲ್ಲಿ ಲಂಡನ್ನಿನ ಬಳಿಯ ಈಲಿಂಗಿನಲ್ಲಿ ಬಡಮಕ್ಕಳಿಗಾಗಿ ಕೈಗೆಲಸವನ್ನೂ ಓದನ್ನೂ ಜೊತೆಯಾಗಿ ಕಲಿಸುವ ಪಾಠಶಾಲೆಯನ್ನು ಸ್ವಂತ ಹಣದಿಂದ ಸ್ಥಾಪಿಸಿದಳು. ಹೆಣ್ಣುಮಕ್ಕಳಿಗೆ ಹೊಲಿಗೆ, ನಾಟ್ಯಗಳೇ ಸಾಕೆಂದು ಎಣಿಸುತ್ತಿದ್ದ ಆ ಕಾಲದಲ್ಲಿ ತನ್ನ ಮಗಳಿಗೆ ಬೀಜಗಣಿತದ ಉಪಾಧ್ಯಾಯರನ್ನು ಗೊತ್ತುಮಾಡಿದವಳೂ ಆಕೆಯೇ. ಉದ್ದೇಶವು ತಪ್ಪಾಗಿದ್ದರೂ ಫಲವು ಒಳ್ಳೆಯದಾದ ಸಂದರ್ಭಗಳಲ್ಲಿ ಇದೊಂದು.

ಕಲ್ಪನೆಯನ್ನು ಗಣಿತದಿಂದ ಅಡಗಿಸಬಹುದೆಂಬ ತಾಯಿಯ ಲೆಕ್ಕ ಮಾತ್ರ ಸರಿಹೋಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಏಡಳಿಗೆ ಹಾರಬೇಕೆಂಬ ಬಯಕೆ ಹುಟ್ಟಿತು. ಬೇರೆ ಮಕ್ಕಳಾದರೆ ಕನಸು ಕಂಡು ಸುಮ್ಮನಾಗುತ್ತಿದ್ದರು. ಈಕೆಯಾದರೋ ಹಕ್ಕಿಗಳ ರೆಕ್ಕೆಗೂ ಮೈಗೂ ಇರುವ ಪ್ರಮಾಣವನ್ನು ವಿಚಾರಿಸಿ, ಕಾಗದ, ಎಣ್ಣೆ ಸವರಿದ ರೇಷ್ಮೆ, ತಂತಿ ಮೊದಲಾದವುಗಳಲ್ಲಿ ಯಾವುದು ರೆಕ್ಕೆಗೆ ಒದಗುವುದೆಂದು ಯೋಚಿಸಿ, ಹಬೆಯಿಂದ ಹಾರುವ ಕುದುರೆಯೊಂದನ್ನು ಮಾಡುವ ಮಾತನ್ನೂ ತಾಯಿಗೆ ಬರೆದಳು. ೧೮೨೯ರಲ್ಲಿ ದಡಾರದ ಬೇನೆಯಿಂದ ಕಾಲುಗಳ ಸ್ವಾಧೀನ ತಪ್ಪಿ ಆಕೆ ಬಹುಕಾಲ ಹಾಸಿಗೆ ಹಿಡಿದಳು. ಬಳಿಕ ಊರುಗೋಲುಗಳನ್ನು ಹಿಡಿದು ನಡೆಯಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ.

ಏಡಳ ಜೀವನದ ದಿಕ್ಕನ್ನು ಬದಲಿಸಿದ್ದು ೧೮೩೩ನೆಯ ಇಸವಿ. ಆ ವರ್ಷ ಜೂನ್ ೫ನೆಯ ದಿನ, ಹದಿನೇಳು ವರ್ಷದ ಆಕೆ ಚಾರ್ಲ್ಸ್ ಬ್ಯಾಬೇಜನನ್ನು ಒಂದು ಔತಣದಲ್ಲಿ ಕಂಡಳು. ಆತನಿಗೆ ಆಗ ನಲವತ್ತೊಂದು ವರ್ಷ; ಕೇಂಬ್ರಿಜ್ಜಿನಲ್ಲಿ ಹಿಂದೆ ನ್ಯೂಟನ್ನನು ಕುಳಿತಿದ್ದ ಗಣಿತಪೀಠದ ಪ್ರಾಧ್ಯಾಪಕನು. ಕೆಲವೇ ದಿನಗಳಲ್ಲಿ ತಾಯಿ ಮಗಳಿಬ್ಬರೂ ಆತನ ಮನೆಗೆ ಹೋಗಿ, ಅಲ್ಲಿದ್ದ ಎಣಿಕೆಯ ಯಂತ್ರದ ಒಂದು ಭಾಗವನ್ನು ನೋಡಿದರು. ಹಿತ್ತಾಳೆ ಉಕ್ಕುಗಳ ಸುಮಾರು ೨೦೦೦ ಬಿಡಿಭಾಗಗಳನ್ನು ಕೂಡಿಸಿ ಮಾಡಿದ್ದ ಅದಕ್ಕೆ ಡಿಫರೆನ್ಸ್ ಎಂಜಿನ್, ಅಂದರೆ ವ್ಯತ್ಯಾಸಯಂತ್ರ ಎಂದು ಹೆಸರು.

ಈ ಯಂತ್ರದ ಅಗತ್ಯವೇನೆಂಬುದನ್ನು ಇಲ್ಲಿ ಹೇಳಬೇಕು. ಆ ಕಾಲದಲ್ಲಿ ಹಡಗಿನವರು, ಭೂಮಿಯನ್ನು ಅಳೆಯುವವರು, ಖಗೋಳಶಾಸ್ತ್ರಜ್ಞರು ಎಲ್ಲರೂ ಅಚ್ಚಾದ ಲೆಕ್ಕದ ಕೋಷ್ಟಕಗಳನ್ನೇ ನಂಬಿಕೊಂಡಿದ್ದರು. ಕಂಪ್ಯೂಟರ್ ಎಂಬ ಮಾತಿಗೆ ಅಂದು ಯಂತ್ರವೆಂಬ ಅರ್ಥವಿರಲಿಲ್ಲ. ಕುಳಿತು ಲೆಕ್ಕ ಮಾಡುವ ಮನುಷ್ಯನಿಗೇ ಆ ಹೆಸರು. ಮನುಷ್ಯನು ಲೆಕ್ಕದಲ್ಲಿ ತಪ್ಪುವನು, ಬರೆಯುವಾಗ ತಪ್ಪುವನು, ಅಚ್ಚಿನ ಮೊಳೆ ಜೋಡಿಸುವಾಗಲೂ ತಪ್ಪುವನು. ತಪ್ಪು ಕೋಷ್ಟಕದಿಂದ ಹಡಗು ಬಂಡೆಗೆ ತಾಗುವ ಸಂಭವವುಂಟು. ಬ್ಯಾಬೇಜನ ಉಪಾಯವಿಷ್ಟೇ. ೧, ೪, ೯, ೧೬, ೨೫ ಎಂಬ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳಿರಿ. ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳು ೩, ೫, ೭, ೯. ಈ ವ್ಯತ್ಯಾಸಗಳ ನಡುವಣ ವ್ಯತ್ಯಾಸವಾದರೋ ಎಲ್ಲೆಲ್ಲಿಯೂ ೨. ಹಾಗಾದರೆ ಗುಣಾಕಾರವನ್ನೇ ಮಾಡದೆ, ೯ಕ್ಕೆ ೨ನ್ನು ಕೂಡಿಸಿ ೧೧ ಎಂದೂ, ೨೫ಕ್ಕೆ ೧೧ನ್ನು ಕೂಡಿಸಿ ೩೬ ಎಂದೂ ಮುಂದಿನ ವರ್ಗವನ್ನು ಪಡೆಯಬಹುದು. ಕೂಡಿಸುವ ಕೆಲಸವೊಂದನ್ನೇ ಹಲ್ಲುಚಕ್ರಗಳಿಗೆ ಕಲಿಸಿದರೆ ದೊಡ್ಡ ದೊಡ್ಡ ಕೋಷ್ಟಕಗಳು ತಾವಾಗಿ ಹುಟ್ಟುವುವು. ಈ ಯಂತ್ರಕ್ಕಾಗಿ ಇಂಗ್ಲೆಂಡಿನ ಸರ್ಕಾರವು ಸುಮಾರು ೧೭,೦೦೦ ಪೌಂಡುಗಳನ್ನು ವೆಚ್ಚಮಾಡಿ, ಕೆಲಸವು ಮುಗಿಯದೆ, ೧೮೪೨ರಲ್ಲಿ ಕೈಬಿಟ್ಟಿತು.

ಬಂದವರೆಲ್ಲರೂ ಆ ಯಂತ್ರವನ್ನು ಬೆರಗಾಗಿ ನೋಡುತ್ತಿದ್ದರಂತೆ. ಏಡಳು ಮಾತ್ರ ಅದರ ಕೆಲಸವನ್ನು ಅರ್ಥಮಾಡಿಕೊಂಡು ಅದರ ಸೊಬಗನ್ನು ಕಂಡಳೆಂದು ಪ್ರೊಫೆಸರ್ ಡಿ ಮಾರ್ಗನ್ನನ ಪತ್ನಿಯು ಮುಂದೆ ಬರೆದಿಟ್ಟಿದ್ದಾಳೆ. ಆ ವಯಸ್ಸಿನಲ್ಲಿ ಏಡಳಿಗೆ ದೊರೆತ ಇನ್ನೊಂದು ಭಾಗ್ಯವು ಮೇರಿ ಸಾಮರ್ವಿಲ್ ಎಂಬಾಕೆಯ ಸ್ನೇಹ. ಸ್ಕಾಟ್ಲೆಂಡಿನವಳಾದ ಈಕೆಯು ಬಾಲ್ಯದಲ್ಲಿ ರಾತ್ರಿಯ ಹೊತ್ತು ಯೂಕ್ಲಿಡನನ್ನು ಓದುತ್ತಾಳೆಂದು ಮನೆಯವರು ಮೇಣದಬತ್ತಿಗಳನ್ನೇ ತೆಗೆದಿಡುವಂತೆ ಮಾಡಿದರು. ಆಗ ಆಕೆ ಪ್ರಮೇಯಗಳನ್ನು ಬಾಯಿಪಾಠ ಮಾಡಿ ಕತ್ತಲಲ್ಲಿಯೇ ಮನಸ್ಸಿನಲ್ಲಿ ಸಾಧಿಸಿದಳು. ಲಾಪ್ಲಾಸನ ಖಗೋಳಗ್ರಂಥವನ್ನು ಇಂಗ್ಲಿಷಿಗೆ ಇಳಿಸಿ ೧೮೩೧ರಲ್ಲಿ ಪ್ರಕಟಿಸಿದ ವಿದ್ವಾಂಸಳೀಕೆ. ಗಣಿತವನ್ನು ಬಲ್ಲ ಹೆಂಗಸನ್ನು ಕಣ್ಣಾರೆ ಕಂಡ ಹುಡುಗಿಗೆ ಸಿಗುವ ಧೈರ್ಯವು ಬರಿಯ ಪುಸ್ತಕದಿಂದ ಸಿಗುವುದಿಲ್ಲ.

೧೮೩೪ರಲ್ಲಿ ತಾಯಿಯು ಮಗಳನ್ನು ಕರೆದುಕೊಂಡು ಇಂಗ್ಲೆಂಡಿನ ನಡುನಾಡಿನ ಕಾರ್ಖಾನೆಗಳನ್ನು ನೋಡಲು ಹೋದಳು. ಅಲ್ಲಿ ಅವರು ಜಕಾರ್ಡ್ ಮಗ್ಗವನ್ನು ಕಂಡರು. ಈ ಮಗ್ಗದ ವಿಚಾರವು ನಮಗೆ ದೂರದ್ದಲ್ಲ. ತಲಘಟ್ಟಪುರದಲ್ಲಿ ಕರ್ನಾಟಕ ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿರುವುದನ್ನು ಇಲ್ಲಿಯ ಮಕ್ಕಳೆಲ್ಲರೂ ಬಲ್ಲರು. ಹಿಪ್ಪುನೇರಳೆ, ಹುಳು, ಗೂಡು ಇವುಗಳನ್ನು ಪಾಠದಲ್ಲಿ ಓದುವುದಕ್ಕೆ ಮುಂಚೆಯೇ ನಮ್ಮ ಕಡೆಯ ಮಕ್ಕಳು ಕಂಡಿರುತ್ತಾರೆ. ಆ ನೂಲು ಸೀರೆಯಾಗಿ ಸೆರಗಿನಲ್ಲಿ ಹೂಬಳ್ಳಿ ಮೂಡಬೇಕಾದರೆ, ಪ್ರತಿಯೊಂದು ಸಲ ಲಾಳಿ ಓಡುವಾಗಲೂ ಹಾಸಿನ ಎಳೆಗಳಲ್ಲಿ ಯಾವುವು ಮೇಲೇಳಬೇಕು, ಯಾವುವು ಕೆಳಗಿರಬೇಕು ಎಂಬುದು ಗೊತ್ತಾಗಬೇಕು. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡನು ಇದನ್ನು ತೂತು ಹೊಡೆದ ರಟ್ಟಿನ ಪಟ್ಟಿಗಳಿಗೆ ಒಪ್ಪಿಸಿದನು. ತೂತಿದ್ದ ಕಡೆ ಎಳೆ ಏಳುವುದು. ತೂತಿಲ್ಲದ ಕಡೆ ಏಳದು. ರಟ್ಟುಗಳ ಮಾಲೆಯನ್ನು ಬದಲಿಸಿದರೆ ಅದೇ ಮಗ್ಗವು ಬೇರೆ ಹೂವನ್ನು ನೇಯುವುದು. ಏಡಳ ತಾಯಿಯು ಅಂಥ ಪಟ್ಟಿಯೊಂದರ ಚಿತ್ರವನ್ನು ಬರೆದುಕೊಂಡಳು. ಮಗಳು ಅದನ್ನು ಮನಸ್ಸಿನಲ್ಲಿ ಇರಿಸಿಕೊಂಡಳು.

೧೮೩೫ರ ಜುಲೈಯಲ್ಲಿ ಏಡಳಿಗೂ ವಿಲಿಯಂ ಕಿಂಗ್ ಎಂಬ ಪ್ರಭುವಿಗೂ ವಿವಾಹವಾಯಿತು. ೧೮೩೮ರಲ್ಲಿ ಆತನಿಗೆ ಲವ್‌ಲೇಸಿನ ಅರ್ಲ್ ಎಂಬ ಪದವಿ ಬಂದುದರಿಂದ ಈಕೆ ಲವ್‌ಲೇಸ್ ದೊರೆಸಾನಿಯಾದಳು. ನಾಲ್ಕು ವರ್ಷಗಳೊಳಗೆ ಬೈರನ್, ಅನಬೆಲ್ಲ, ರಾಲ್ಫ್ ಎಂಬ ಮೂವರು ಮಕ್ಕಳು ಹುಟ್ಟಿದರು. ಮೂರು ಮನೆಗಳ ಆಡಳಿತ, ದರ್ಬಾರಿನ ಮರ್ಯಾದೆಗಳು, ಪದೇಪದೇ ಬರುವ ಕಾಯಿಲೆ ಇವುಗಳ ನಡುವೆ ಗಣಿತವು ಹಿಂದೆ ಬಿದ್ದಿತು. ಇಲ್ಲಿಗೇ ಕತೆಯು ಮುಗಿದಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಅನೇಕ ಹೆಣ್ಣುಮಕ್ಕಳ ಕತೆಯು ಹೀಗೆಯೇ ಮುಗಿಯುವುದನ್ನು ನಾವು ಕಂಡಿದ್ದೇವೆ.

ಆದರೆ ೧೮೪೦ರಲ್ಲಿ, ಇಪ್ಪತ್ತನಾಲ್ಕು ವರ್ಷದ ಮೂರು ಮಕ್ಕಳ ತಾಯಿಯು ಮರಳಿ ವಿದ್ಯಾರ್ಥಿನಿಯಾದಳು. ಉಪಾಧ್ಯಾಯನು ಆಗಸ್ಟಸ್ ಡಿ ಮಾರ್ಗನ್. ಈತನು ಹುಟ್ಟಿದ್ದು ನಮ್ಮ ದಕ್ಷಿಣದ ಮಧುರೆಯಲ್ಲಿ, ೧೮೦೬ರಲ್ಲಿ. ತಂದೆಯು ಕಂಪನಿಯ ಸೈನ್ಯದಲ್ಲಿದ್ದನು. ಮಗುವನ್ನು ಕೆಲವು ತಿಂಗಳ ಕೂಸಾಗಿರುವಾಗಲೇ ಇಂಗ್ಲೆಂಡಿಗೆ ಕರೆದೊಯ್ದರು. ಹುಟ್ಟಿದ ಕೆಲದಿನಗಳಲ್ಲಿಯೇ ಒಂದು ಕಣ್ಣಿನ ದೃಷ್ಟಿ ಹೋದರೂ ಈತನು ಲಂಡನ್ನಿನ ಹೊಸ ಕಾಲೇಜಿನ ಮೊದಲನೆಯ ಗಣಿತ ಪ್ರಾಧ್ಯಾಪಕನಾದನು. ನಮ್ಮ ಮಕ್ಕಳು ಗಣಗಳ ಪಾಠದಲ್ಲಿ ಓದುವ ಡಿ ಮಾರ್ಗನ್ನನ ನಿಯಮಗಳು ಇವನವೇ. ದಿಲ್ಲಿ ಕಾಲೇಜಿನ ಕ್ರೈಸ್ತ ಉಪಾಧ್ಯಾಯರಾದ ಮಾಸ್ಟರ್ ರಾಮಚಂದ್ರರ ಗಣಿತಗ್ರಂಥವನ್ನು ೧೮೫೯ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿ, ಅದಕ್ಕೆ ಮುನ್ನುಡಿಯನ್ನು ಬರೆದ ಉದಾರಿಯೂ ಇವನೇ.

ಕಾಲೇಜಿನ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲವಾದುದರಿಂದ ಪಾಠವೆಲ್ಲವೂ ಹೆಚ್ಚಾಗಿ ಕಾಗದಗಳ ಮೂಲಕವೇ ನಡೆಯಿತು. ಬೀಜಗಣಿತದಿಂದ ತೊಡಗಿ ಕಲನಶಾಸ್ತ್ರದವರೆಗೆ ಏಡಳು ನಡೆದಳು. ಆಕೆಯ ಕಾಗದಗಳು ಉಳಿದಿವೆ. ಉಪಾಧ್ಯಾಯಿನಿಯಾದ ನನಗೆ ಅವುಗಳಲ್ಲಿ ಹಿಡಿಸುವುದು ಆಕೆಯ ಜಾಣತನಕ್ಕಿಂತಲೂ, ತಿಳಿಯದ್ದನ್ನು ತಿಳಿಯಲಿಲ್ಲವೆಂದು ಬರೆಯುವ ಧೈರ್ಯ. ಸೂತ್ರಗಳು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುವಾಗ, ಕ್ಷಣಕ್ಕೊಂದು ವೇಷ ಹಾಕುವ ಯಕ್ಷಿಣಿಯರಂತೆ ತನ್ನನ್ನು ಮರುಳುಮಾಡುತ್ತವೆ ಎಂಬರ್ಥದಲ್ಲಿ ಒಮ್ಮೆ ಬರೆದುಕೊಂಡಳು. ಗುರುವು ಬೇಸರವಿಲ್ಲದೆ ತಿದ್ದಿದನು.

ಆ ಗುರುವಿನ ಮನಸ್ಸಿನಲ್ಲಿದ್ದ ಇನ್ನೊಂದು ಮಾತು ಶಿಷ್ಯೆಗೆ ತಿಳಿದಿರಲಿಲ್ಲ. ೧೮೪೪ರಲ್ಲಿ ಆತನು ಏಡಳ ತಾಯಿಗೆ ಒಂದು ಕಾಗದವನ್ನು ಬರೆದನು. ಕೇಂಬ್ರಿಜ್ಜಿಗೆ ಹೋಗತಕ್ಕ ತರುಣನೊಬ್ಬನಲ್ಲಿ ಇಂಥ ಶಕ್ತಿಯು ಕಂಡಿದ್ದರೆ, ಅವನು ಸ್ವತಂತ್ರವಾಗಿ ಸಂಶೋಧನೆ ಮಾಡುವ, ಬಹುಶಃ ಮೊದಲ ದರ್ಜೆಯ ಗಣಿತಜ್ಞನಾಗುವನೆಂದು ತಾನು ನಂಬುತ್ತಿದ್ದೆನೆಂಬುದು ಆ ಕಾಗದದ ಒಂದು ಭಾಗ. ಆದರೆ ಅಷ್ಟು ಆಳವಾದ ಚಿಂತನೆಯ ಒತ್ತಡವನ್ನು ಹೆಂಗಸಿನ ದೇಹವು ತಾಳಲಾರದೆಂದೂ, ಆದುದರಿಂದ ತಾನು ಆಕೆಯನ್ನು ಹೆಚ್ಚಾಗಿ ಹುರಿದುಂಬಿಸಲಿಲ್ಲವೆಂದೂ ಉಳಿದ ಭಾಗದಲ್ಲಿ ಹೇಳಿದನು. ಆತನು ಕೆಟ್ಟವನಲ್ಲ, ಮುಂದೆ ಸ್ತ್ರೀವಿದ್ಯಾಭ್ಯಾಸಕ್ಕೆ ಸಹಾಯವನ್ನೂ ಮಾಡಿದನು. ಒಳ್ಳೆಯವರ ಬಾಯಿಂದ ಬರುವ ಇಂಥ ಮಾತೇ ಹುಡುಗಿಯರನ್ನು ಹೆಚ್ಚಾಗಿ ಕಟ್ಟಿಹಾಕಿದೆ. ಲಂಡನ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಗಳನ್ನು ಕೊಡಲು ಒಪ್ಪಿದ್ದು ೧೮೭೮ರಲ್ಲಿ. ಕೇಂಬ್ರಿಜ್ಜು ಪೂರ್ಣ ಪದವಿಯನ್ನು ಕೊಟ್ಟದ್ದು ೧೯೪೮ರಲ್ಲಿ.

ಡಿ ಮಾರ್ಗನ್ನನ ಆ ಭಯಕ್ಕೆ ಉತ್ತರವು ಅವನು ಹುಟ್ಟಿದ ದಕ್ಷಿಣದೇಶದಿಂದಲೇ, ನೂರು ವರ್ಷಗಳ ತರುವಾಯ ಬಂದಿತೆಂದು ಹೇಳಬಹುದು. ನಂಜನಗೂಡಿನಲ್ಲಿ ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಪದವಿಯನ್ನು ಪಡೆದು, ೧೯೪೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ಆಮೇಲೆ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ವಿದ್ಯುತ್ ಎಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಪದವಿಯೊಡನೆ ೧೯೫೩ರಲ್ಲಿ ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಮೈಕ್ರೋವೇವ್ ಅಲೆಗಳ ವಿಷಯದಲ್ಲಿ ಪತಿಯೊಡನೆ ಪ್ರಯೋಗಶಾಲೆಯನ್ನು ಕಟ್ಟಿ, ಇಪ್ಪತ್ತು ಮಂದಿಯನ್ನು ಪಿಎಚ್.ಡಿ. ಪದವಿಗೆ ಸಿದ್ಧಪಡಿಸಿ, ೨೦೧೦ರಲ್ಲಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಣಿತವೂ ಎಂಜಿನಿಯರಿಂಗೂ ಕೂಡಿದ್ದರಿಂದ ಅವರ ದೇಹಕ್ಕೆ ಯಾವ ಕೇಡೂ ಆದಂತೆ ತೋರುವುದಿಲ್ಲ.

ಏಡಳ ಕತೆಗೆ ಹಿಂದಿರುಗೋಣ. ಅಷ್ಟರಲ್ಲಿ ಬ್ಯಾಬೇಜನು ವ್ಯತ್ಯಾಸಯಂತ್ರಕ್ಕಿಂತ ಬಹುಪಾಲು ದೊಡ್ಡದಾದ ಇನ್ನೊಂದನ್ನು ಯೋಚಿಸಿದ್ದನು. ಅದಕ್ಕೆ ಅನಲಿಟಿಕಲ್ ಎಂಜಿನ್ ಎಂದು ಹೆಸರು. ಸಂಖ್ಯೆಗಳನ್ನು ಕೂಡಿಡುವುದಕ್ಕೆ ಅದರಲ್ಲಿ ಒಂದು ಉಗ್ರಾಣ. ಕೂಡಿಸಿ, ಕಳೆದು, ಗುಣಿಸಿ, ಭಾಗಿಸುವುದಕ್ಕೆ ಒಂದು ಗಿರಣಿ. ಯಾವ ಸಂಖ್ಯೆಯನ್ನು ಉಗ್ರಾಣದಿಂದ ತರಬೇಕು, ಗಿರಣಿಯಲ್ಲಿ ಏನು ಮಾಡಬೇಕು, ಫಲವನ್ನು ಎಲ್ಲಿ ಇಡಬೇಕು ಎಂಬುದನ್ನೆಲ್ಲಾ ಜಕಾರ್ಡನ ರಟ್ಟಿನಂಥ ತೂತುಪಟ್ಟಿಗಳೇ ತಿಳಿಸಬೇಕು. ಇಂದಿನ ಗಣಕಯಂತ್ರದಲ್ಲಿಯೂ ನೆನಪಿನ ಭಾಗ ಬೇರೆ, ಲೆಕ್ಕದ ಭಾಗ ಬೇರೆ, ಆಜ್ಞೆಗಳು ಬೇರೆ ಎಂಬುದನ್ನು ಬಲ್ಲ ವಿದ್ಯಾರ್ಥಿನಿಯರಿಗೆ ಇದರ ಮಹತ್ವವು ತಾನಾಗಿ ತಿಳಿಯುವುದು. ಆದರೆ ಈ ಯಂತ್ರವು ಕಾಗದದ ಮೇಲೆಯೇ ಉಳಿಯಿತು.

ಬ್ಯಾಬೇಜನು ೧೮೪೦ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಇದನ್ನು ವಿವರಿಸಿದನು. ಕೇಳಿದವರಲ್ಲಿ ಒಬ್ಬನಾದ ಲೂಯಿಜಿ ಮೆನಬ್ರಿಯನೆಂಬ ತರುಣ ಎಂಜಿನಿಯರನು, ಮುಂದೆ ಇಟಲಿಯ ಪ್ರಧಾನಮಂತ್ರಿಯಾದವನು, ೧೮೪೨ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಏಡಳು ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿದಳು. ಇಷ್ಟು ಬಲ್ಲವಳು ಸ್ವಂತ ಲೇಖನವನ್ನೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜನು ಕೇಳಿದಾಗ ಅಂಥ ಯೋಚನೆಯೇ ತನಗೆ ಬರಲಿಲ್ಲವೆಂದಳಂತೆ. ಕಡೆಗೆ ಭಾಷಾಂತರಕ್ಕೆ ಟಿಪ್ಪಣಿಗಳನ್ನು ಸೇರಿಸುವುದೆಂದಾಯಿತು. ೧೮೪೩ರ ಬೇಸಗೆಯೆಲ್ಲಾ ಆಕೆ ಬರೆದಳು. ಇಬ್ಬರ ನಡುವೆ ಕಾಗದಗಳು ದಿನಕ್ಕೆ ಒಂದಕ್ಕಿಂತ ಹೆಚ್ಚಾಗಿ ಓಡಾಡಿದ್ದುಂಟು. ಟಿಪ್ಪಣಿಗಳು ಏಳು, ಮೂಲಲೇಖನಕ್ಕಿಂತ ಎರಡರಷ್ಟಕ್ಕೂ ಮಿಗಿಲಾಗಿ ಬೆಳೆದುವು. ಅದೇ ವರ್ಷ ಅಚ್ಚಾದಾಗ ಅವುಗಳ ಕೆಳಗೆ ಆಕೆಯ ಪೂರ್ಣ ಹೆಸರಿರಲಿಲ್ಲ, ಎ. ಎ. ಎಲ್. ಎಂಬ ಮೂರು ಅಕ್ಷರಗಳು ಮಾತ್ರ.

ಆ ಟಿಪ್ಪಣಿಗಳಲ್ಲಿ ಇರುವುದೇನು? ಯಂತ್ರವನ್ನು ಮಾತ್ರ ಬಲ್ಲವರಿಗೆ ಅದು ಸಂಖ್ಯೆಗಳನ್ನು ಅರೆಯುವ ಗಿರಣಿಯಾಗಿ ಕಂಡಿತು. ಗಣಿತವನ್ನೂ ಬಲ್ಲ ಏಡಳಿಗೆ, ಕ್ರಿಯೆ ಬೇರೆ, ಕ್ರಿಯೆಗೆ ಒಳಗಾಗುವ ವಸ್ತು ಬೇರೆ ಎಂಬ ಭೇದವು ಸ್ಪಷ್ಟವಾಗಿತ್ತು. ಹಾಗಿರುವಲ್ಲಿ ಆ ವಸ್ತುವು ಸಂಖ್ಯೆಯೇ ಆಗಿರಬೇಕೆಂಬ ನಿಯಮವೇನು? ತಮ್ಮೊಳಗೆ ನಿಯತವಾದ ಸಂಬಂಧಗಳುಳ್ಳ ಯಾವ ಪದಾರ್ಥವನ್ನಾದರೂ ಚಿಹ್ನೆಗಳಿಂದ ಬರೆಯುವುದಾದರೆ ಯಂತ್ರವು ಅದರ ಮೇಲೆಯೂ ಕೆಲಸಮಾಡಬಲ್ಲುದು. ಸ್ವರಗಳ ಸಂಬಂಧವನ್ನು ಹಾಗೆ ಬರೆದುಕೊಟ್ಟರೆ ಅದು ಸಂಗೀತವನ್ನೂ ರಚಿಸಬಹುದೆಂದು ಆಕೆ ಉದಾಹರಣೆ ಕೊಟ್ಟಳು. ಮಗ್ಗವು ಹೂವೆಲೆಗಳನ್ನು ನೇಯುವ ಹಾಗೆ ಈ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ನೇಯುವುದೆಂಬ ಆಕೆಯ ಹೋಲಿಕೆಯು ಪ್ರಸಿದ್ಧವಾಗಿದೆ. ಇಂದು ಒಂದೇ ಯಂತ್ರವು ಕಾಗದವನ್ನು ಕಳುಹಿಸುವುದು, ಹಾಡುವುದು, ಚಿತ್ರವನ್ನು ತೋರಿಸುವುದು. ಮೆಟ್ರೋ ರೈಲನ್ನು ನಡೆಸುವುದಕ್ಕೂ ಅಂಥದೇ ಯಂತ್ರ. ಬ್ಯಾಬೇಜನು ತನ್ನ ಯಂತ್ರವನ್ನು ಕುರಿತು ಬರೆದುದರಲ್ಲಿ ಈ ವಿಚಾರವು ಇಷ್ಟು ಬಿಚ್ಚಿ ಹೇಳಲ್ಪಟ್ಟಿಲ್ಲ. ಎರಡು ವಿದ್ಯೆಗಳು ಒಂದೆಡೆ ಸೇರಿದ್ದರ ಫಲವಿದು ಎಂಬುದು ನನ್ನ ಅಭಿಪ್ರಾಯ.

ಯಂತ್ರವು ತಾನಾಗಿ ಹೊಸದನ್ನು ಹುಟ್ಟಿಸಲಾರದು, ನಾವು ಆಜ್ಞಾಪಿಸಲು ಬಲ್ಲಷ್ಟನ್ನೇ ಅದು ಮಾಡುವುದು ಎಂದೂ ಆಕೆ ಎಚ್ಚರಿಕೆ ಹೇಳಿದಳು. ೧೯೫೦ರಲ್ಲಿ ಆಲನ್ ಟ್ಯೂರಿಂಗನು, ಯಂತ್ರಗಳು ಆಲೋಚಿಸಬಲ್ಲುವೇ ಎಂಬ ತನ್ನ ಲೇಖನದಲ್ಲಿ ಇದಕ್ಕೆ ಲವ್‌ಲೇಸ್ ದೊರೆಸಾನಿಯ ಆಕ್ಷೇಪಣೆಯೆಂದು ಹೆಸರಿಟ್ಟು ಉತ್ತರ ಕೊಡಲು ಯತ್ನಿಸಿದನು. ಆ ವಾದವು ಈಗಿನ ಕೃತಕ ಬುದ್ಧಿಯ ಕಾಲದಲ್ಲಿ ಇನ್ನೂ ಬಿಸಿಯಾಗಿದೆ.

ಕಡೆಯ ಟಿಪ್ಪಣಿಯಲ್ಲಿ ಬರ್ನೂಲಿಯ ಸಂಖ್ಯೆಗಳನ್ನು ಯಂತ್ರವು ಕಂಡುಹಿಡಿಯಬೇಕಾದ ಕ್ರಮವನ್ನು ಬರೆದಿದೆ. ೧, ೨, ೩ ಎಂದು ಕ್ರಮವಾಗಿ ಬರುವ ಸಂಖ್ಯೆಗಳ ವರ್ಗ, ಘನ ಮುಂತಾದ ಘಾತಗಳ ಮೊತ್ತವನ್ನು ಕಂಡುಹಿಡಿಯುವ ಸೂತ್ರಗಳಲ್ಲಿ ಈ ಸಂಖ್ಯೆಗಳು ಬರುತ್ತವೆ. ಆರನೆಯ ಒಂದು, ಋಣ ಮೂವತ್ತನೆಯ ಒಂದು, ನಲವತ್ತೆರಡನೆಯ ಒಂದು ಎಂದು ಹಿಂದಿನವುಗಳಿಂದ ಮುಂದಿನದನ್ನು ಕಟ್ಟುತ್ತಾ ಹೋಗಬೇಕು. ಏಡಳು ಇದನ್ನು ೨೫ ಕ್ರಿಯೆಗಳ ಒಂದು ದೊಡ್ಡ ಕೋಷ್ಟಕವಾಗಿ ಹಾಕಿ, ಅವುಗಳಲ್ಲಿ ೧೩ರಿಂದ ೨೩ರವರೆಗಿನ ಕ್ರಿಯೆಗಳನ್ನು ಯಂತ್ರವು ಮತ್ತೆ ಮತ್ತೆ ಸುತ್ತಿ ಮಾಡತಕ್ಕದ್ದೆಂದು ತೋರಿಸಿದಳು. ಇದನ್ನು ಲೋಕದ ಮೊದಲನೆಯ ಪ್ರೋಗ್ರಾಮೆಂದು ಅನೇಕರು ಕರೆಯುತ್ತಾರೆ. ಬ್ಯಾಬೇಜನೇ ಅದಕ್ಕೆ ಮುಂಚೆ ಚಿಕ್ಕ ಚಿಕ್ಕ ಕ್ರಮಗಳನ್ನು ಬರೆದಿದ್ದನೆಂದೂ, ಟಿಪ್ಪಣಿಗಳಲ್ಲಿ ಅವನ ಪಾಲು ಹೆಚ್ಚೆಂದೂ ಬೇರೆ ಕೆಲವರು ವಾದಿಸುತ್ತಾರೆ. ಬ್ಯಾಬೇಜನು ೧೮೬೪ರ ತನ್ನ ಆತ್ಮಕಥೆಯಲ್ಲಿ, ಬರ್ನೂಲಿಯ ಬೀಜಗಣಿತವನ್ನು ತಾನು ಮಾಡಿಕೊಟ್ಟೆನೆಂದೂ, ತಾನು ಅದರಲ್ಲಿ ಮಾಡಿದ್ದ ದೊಡ್ಡ ತಪ್ಪೊಂದನ್ನು ಆಕೆ ಕಂಡುಹಿಡಿದು ಹಿಂದಕ್ಕೆ ಕಳುಹಿಸಿದಳೆಂದೂ ಒಪ್ಪಿಕೊಂಡಿದ್ದಾನೆ. ಪಕ್ಷಪಾತವಿಲ್ಲದೆ ಹೇಳುವುದಾದರೆ ಆಕೆಯ ಬರಹದಲ್ಲಿಯೂ ತಪ್ಪುಗಳುಂಟು. ಕೋಷ್ಟಕದ ನಾಲ್ಕನೆಯ ಸಾಲಿನಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿವೆ. ಫ್ರೆಂಚ್ ಮೂಲದ ಅಚ್ಚಿನ ತಪ್ಪೊಂದನ್ನು, ಅದಕ್ಕೆ ಅರ್ಥವೇ ಇಲ್ಲದಿದ್ದರೂ, ಹಾಗೆಯೇ ಭಾಷಾಂತರಿಸಿಬಿಟ್ಟಿದ್ದಾಳೆ. ಪರೀಕ್ಷಕಿಯಾಗಿ ಅಂಕ ಕಳೆಯಬೇಕಾಗಿ ಬಂದರೆ ಕಳೆಯುವೆನು. ಆದರೂ ಉತ್ತರವು ಮೊದಲ ದರ್ಜೆಯದೇ.

ಪ್ರಕಟಣೆಯ ಹೊತ್ತಿನಲ್ಲಿ ಇಬ್ಬರಿಗೂ ಜಗಳವಾಯಿತು. ಸರ್ಕಾರವು ತನಗೆ ಅನ್ಯಾಯ ಮಾಡಿತೆಂದು ದೂರುವ ಹೇಳಿಕೆಯೊಂದನ್ನು ಸಹಿಯಿಲ್ಲದೆ ಅದರ ಜೊತೆಗೆ ಸೇರಿಸಬೇಕೆಂದು ಬ್ಯಾಬೇಜನು ಹಟ ಹಿಡಿದನು. ಏಡಳು ಒಪ್ಪಲಿಲ್ಲ. ಯಂತ್ರವನ್ನು ಕಟ್ಟಿಸುವ ವ್ಯವಹಾರವನ್ನು ತನಗೆ ಬಿಡಬೇಕೆಂದು ಆಕೆ ಉದ್ದವಾದ ಕಾಗದ ಬರೆದಾಗ ಆತನೂ ಒಪ್ಪಲಿಲ್ಲ. ಸ್ನೇಹವು ಉಳಿಯಿತು, ಯಂತ್ರವು ಆಗಲಿಲ್ಲ.

ಆಮೇಲಿನ ಒಂಬತ್ತು ವರ್ಷಗಳು ದುಃಖದವು. ಮುಚ್ಚಿಡುವುದಕ್ಕಿಂತ ಹೇಳುವುದೇ ಮೇಲು. ಮನಸ್ಸಿಗೆ ತಕ್ಕ ಕೆಲಸವಿಲ್ಲದೆ, ಸೇರತಕ್ಕ ವಿದ್ವತ್ಸಭೆಯಿಲ್ಲದೆ, ಆಕೆ ಕುದುರೆಯ ಜೂಜಿಗೆ ಬಿದ್ದಳು. ಸಾವಿರಾರು ಪೌಂಡುಗಳು ಹೋದುವು; ಮನೆತನದ ವಜ್ರಗಳು ಗಿರವಿಯಾದುವು, ತಾಯಿಯು ಬಿಡಿಸಿಕೊಡಬೇಕಾಯಿತು. ತಲಾಂತನ್ನು ನೆಲದಲ್ಲಿ ಹೂತಿಟ್ಟವನ ಕತೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಈಕೆಯ ತಲಾಂತನ್ನು ಬಡ್ಡಿಗೆ ಹಾಕಿಕೊಳ್ಳುವ ಸಂಸ್ಥೆಯೇ ಆ ದೇಶದಲ್ಲಿ ಇರಲಿಲ್ಲವೆಂಬುದನ್ನೂ ಜೊತೆಗೆ ಹೇಳಬೇಕು. ಬಳಿಕ ಗರ್ಭಕೋಶದ ಕ್ಯಾನ್ಸರು ಕಾಣಿಸಿಕೊಂಡಿತು. ೧೮೫೨ರ ಆಗಸ್ಟಿನಲ್ಲಿ ಕಾದಂಬರಿಕಾರನಾದ ಚಾರ್ಲ್ಸ್ ಡಿಕೆನ್ಸನು ಆಕೆಯ ಹಾಸಿಗೆಯ ಬಳಿ ಕುಳಿತು, ಆಕೆಯ ಕೋರಿಕೆಯಂತೆ, ತನ್ನ ಡೊಂಬಿ ಅಂಡ್ ಸನ್ ಕಾದಂಬರಿಯಿಂದ ಬಾಲಕನ ಮರಣದ ಭಾಗವನ್ನು ಓದಿ ಹೇಳಿದನು. ನವೆಂಬರ್ ೨೭ನೆಯ ದಿನ ಏಡಳು ತೀರಿಕೊಂಡಳು. ವಯಸ್ಸು ಮೂವತ್ತಾರು, ತಂದೆಯೂ ಅದೇ ವಯಸ್ಸಿನಲ್ಲಿ ಸತ್ತಿದ್ದನು. ಆಕೆಯ ಇಚ್ಛೆಯ ಪ್ರಕಾರ ನಾಟಿಂಗ್ಯಾಮಿನ ಸೀಮೆಯ ಹಕ್ನಲ್ ದೇವಾಲಯದಲ್ಲಿ, ಕಣ್ಣಿನಿಂದ ಕಾಣದ ಆ ತಂದೆಯ ಪಕ್ಕದಲ್ಲಿ ಹೂಳಿದರು.

ಟಿಪ್ಪಣಿಗಳನ್ನು ನೂರು ವರ್ಷ ಹೆಚ್ಚಿಗೆ ಯಾರೂ ಓದಲಿಲ್ಲ. ವಿದ್ಯುತ್ ಗಣಕಯಂತ್ರಗಳು ಬಂದ ಮೇಲೆ, ೧೯೫೩ರಲ್ಲಿ ಬೌಡನ್ ಎಂಬವನು ಆ ಯಂತ್ರಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಅವನ್ನು ಪುನಃ ಅಚ್ಚು ಹಾಕಿಸಿದನು. ೧೯೮೦ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ತಾನು ಮಾಡಿಸಿದ ಗಣಕಭಾಷೆಗೆ ಏಡ ಎಂದು ಹೆಸರಿಟ್ಟು, ಅದರ ದಾಖಲೆಗೆ ಆಕೆಯ ಜನ್ಮವರ್ಷವಾದ ೧೮೧೫ನ್ನೇ ಸಂಖ್ಯೆಯಾಗಿ ಕೊಟ್ಟಿತು. ಬ್ಯಾಬೇಜನ ಎರಡನೆಯ ವ್ಯತ್ಯಾಸಯಂತ್ರವನ್ನು ಅವನ ನಕ್ಷೆಗಳಂತೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ೧೯೯೧ರಲ್ಲಿ ಕಟ್ಟಿದರು; ಅದು ತಪ್ಪಿಲ್ಲದೆ ಲೆಕ್ಕ ಮಾಡಿತು.

ಮೇಲೆ ಹೇಳಿದ ಭಾರತೀಯ ವಿಜ್ಞಾನ ಸಂಸ್ಥೆಯ ತರಗತಿಗೆ ಪ್ರವೇಶವು ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯ ಮೂಲಕ ದೊರೆಯುತ್ತದೆಂಬುದನ್ನು ಪೋಷಕರು ತಿಳಿದಿರಬೇಕು. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು. ಏಡಳ ಟಿಪ್ಪಣಿಗಳ ಪ್ರತಿಯೊಂದನ್ನು ನಮ್ಮ ಪುಸ್ತಕಭಂಡಾರದಲ್ಲಿ ಇರಿಸಿದೆ. ಭಿನ್ನರಾಶಿಗಳನ್ನೂ ಸ್ವಲ್ಪ ಬೀಜಗಣಿತವನ್ನೂ ಬಲ್ಲ ಹುಡುಗಿಯು ಕಡೆಯ ಕೋಷ್ಟಕವನ್ನು ಒಂದು ಶನಿವಾರ ಮಧ್ಯಾಹ್ನ ಕುಳಿತು ಸಾಲುಸಾಲಾಗಿ ಮಾಡಿ ನೋಡಬಹುದು. ನಾಲ್ಕನೆಯ ಸಾಲಿನಲ್ಲಿ ಭಾಜ್ಯವನ್ನು ಸರಿಮಾಡಿಕೊಳ್ಳುವುದನ್ನು ಮರೆಯದಿರಲಿ.